ಎರಡು ಭಾಷೆ ಬಂದರಷ್ಟೇ ಸಾಲದು

ನಾನು ಹ್ಯೂಸ್ಟನ್ ಹೊರವಲಯದ ಪ್ರಾಥಮಿಕ ಶಾಲೆಯೊಂದರಲ್ಲಿ ಗಣಿತ ಕಲಿಸುತ್ತೇನೆ. ಪಕ್ಕದ ಕೋಣೆಯ ಗೆಳತಿ ಸ್ಪ್ಯಾನಿಷ್-ಇಂಗ್ಲಿಷ್ ದ್ವಿಭಾಷಾ ಶಿಕ್ಷಕಿ. ಟೆಕ್ಸಾಸ್‌ನ ಒಂದು ಶಾಲಾ ಜಿಲ್ಲೆಯಲ್ಲಿ, ಒಂದೇ ತರಗತಿಯ ಮಟ್ಟದಲ್ಲಿ, ಇಂಗ್ಲಿಷ್ ಇನ್ನೂ ಕಲಿಯುತ್ತಿರುವ ಒಂದೇ ಮನೆಮಾತಿನ 20 ಮಕ್ಕಳಿದ್ದರೆ ದ್ವಿಭಾಷಾ ಶಿಕ್ಷಣ ಕೊಡಲೇಬೇಕು. ಹಾಗಾಗಿ ಇಂಥ ಶಿಕ್ಷಕರಿಗೆ ಇಲ್ಲಿ ಬಹಳ ಬೇಡಿಕೆ. ಆದರೆ ಪಾಠ ಅವರ ಅರ್ಧ ಕೆಲಸ ಮಾತ್ರ. ತರಗತಿ ನಡೆಯುತ್ತಿರುವಾಗಲೇ ಕಚೇರಿಯಿಂದ ಕರೆ ಬರುತ್ತದೆ: "ಒಬ್ಬ ತಾಯಿ ಬಂದಿದ್ದಾರೆ, ಸ್ವಲ್ಪ ಬಂದು ಹೇಳಿಬಿಡಿ."

ಹಾಗೆ "ಹೇಳಿಬಿಡುವುದು" ಬೇರೆಯೇ ಒಂದು ವಿದ್ಯೆ. ದ್ವಿಭಾಷಾ ಶಿಕ್ಷಕರಿಗೆ ಟೆಕ್ಸಾಸ್ ನಡೆಸುವ ಭಾಷಾ ಪರೀಕ್ಷೆ ಸ್ಪ್ಯಾನಿಷ್ ಕೇಳುವುದು, ಓದುವುದು, ಮಾತಾಡುವುದು, ಬರೆಯುವುದು ಇವಿಷ್ಟನ್ನೇ ಅಳೆಯುತ್ತದೆ. ಒಬ್ಬರ ಮಾತನ್ನು ಇನ್ನೊಬ್ಬರಿಗೆ ಏನೂ ಬಿಡದೆ, ಏನೂ ಸೇರಿಸದೆ ದಾಟಿಸಲು ಬರುತ್ತದೆಯೇ ಎಂದು ಅದು ಕೇಳುವುದಿಲ್ಲ.

ವಿಶೇಷ ಶಿಕ್ಷಣದ ಸಭೆಯಲ್ಲಿ ಕೂತರೆ ಇದರ ಕಷ್ಟ ತಿಳಿಯುತ್ತದೆ. ಮೇಜಿನ ಒಂದು ಬದಿ ಮನಶ್ಶಾಸ್ತ್ರಜ್ಞೆ, ವಾಕ್‌ಚಿಕಿತ್ಸಕಿ, ಆಡಳಿತದವರು. ಇನ್ನೊಂದು ಬದಿ ಒಬ್ಬಳೇ ತಾಯಿ. ಅಂಥ ಸಭೆಗಳಲ್ಲಿ ಗೆಳತಿ ತಾಯಿಯ ಪಕ್ಕದಲ್ಲಿ, ತುಸು ಹಿಂದಕ್ಕೆ ಕೂರುತ್ತಾಳೆ. ತಾಯಿ ನೋಡಬೇಕಾದದ್ದು ಮಾತಾಡುತ್ತಿರುವ ತಜ್ಞೆಯನ್ನು, ದುಭಾಷಿಯನ್ನಲ್ಲ. ತಜ್ಞೆ "ನಾನು ಗಮನಿಸಿದೆ" ಎಂದರೆ ಇವಳೂ "ನಾನು ಗಮನಿಸಿದೆ" ಎನ್ನುತ್ತಾಳೆಯೇ ಹೊರತು "ಅವರು ಗಮನಿಸಿದರಂತೆ" ಎನ್ನುವುದಿಲ್ಲ. ಮಾತು ಉದ್ದವಾದರೆ ಕೈ ಎತ್ತಿ ನಿಲ್ಲಿಸುತ್ತಾಳೆ. ತೊಡೆಯ ಮೇಲಿನ ಪುಸ್ತಕದಲ್ಲಿ ಪೂರ್ತಿ ವಾಕ್ಯಗಳಿರುವುದಿಲ್ಲ. ಅಂಕಿ, ದಿನಾಂಕ, "ಇಲ್ಲ"ಗಳು ಮಾತ್ರ ಇರುತ್ತವೆ. ನೆನಪಿನಿಂದ ಮೊದಲು ಜಾರುವುದು ಅವೇ.

ಒಮ್ಮೆ ಮನಶ್ಶಾಸ್ತ್ರಜ್ಞೆ, ಓದಿನಲ್ಲಿ ಮಗು 16ನೇ ಪರ್ಸೆಂಟೈಲ್‌ನಲ್ಲಿದೆ ಎಂದರು. ತಾಯಿಯ ಮುಖ ಬಾಡಿತು. ನೂರಕ್ಕೆ ಹದಿನಾರೇ ಅಂಕ ಎಂದುಕೊಂಡಿದ್ದರು. ನಿಜದಲ್ಲಿ ಅದರ ಅರ್ಥ, ಅದೇ ವಯಸ್ಸಿನ ನೂರು ಮಕ್ಕಳಲ್ಲಿ ಸುಮಾರು 16 ಮಂದಿ ಈ ಮಗುವಿನಷ್ಟೇ ಅಥವಾ ಇದಕ್ಕಿಂತ ಕಡಿಮೆ ಅಂಕ ಪಡೆದಿದ್ದಾರೆ ಎಂದು. ಗೆಳತಿಗೆ ಅದು ಗೊತ್ತಿತ್ತು, ಆದರೂ ತಾನೇ ವಿವರಿಸಲು ಹೋಗಲಿಲ್ಲ. "ತಾಯಿಗೆ ಇದು ಸ್ಪಷ್ಟವಾದಂತಿಲ್ಲ, ದಯವಿಟ್ಟು ವಿವರಿಸಿ" ಎಂದು ತಜ್ಞೆಯನ್ನೇ ಕೇಳಿದಳು, ಕೇಳಿದ್ದನ್ನು ತಾಯಿಗೂ ಹೇಳಿದಳು. ಆ ಸಂಯಮ ತರಬೇತಿಯಿಂದ ಬಂದದ್ದು. ತರಬೇತಿಯಿಲ್ಲದ ಒಳ್ಳೆಯ ಮನಸ್ಸಿನ ಶಿಕ್ಷಕಿ ಇಂಥಲ್ಲಿ ಸಮಾಧಾನದ ಮಾತು ಸೇರಿಸಿ ಅರ್ಥವನ್ನೇ ಬದಲಿಸಿಬಿಡುವುದುಂಟು.

ಅಷ್ಟರಲ್ಲೇ ಯಾರೋ ಅವಳ ಕಡೆ ತಿರುಗಿ, "ನಿಮ್ಮ ತರಗತಿಯಲ್ಲಿ ಈ ಹುಡುಗ ಹೇಗೆ?" ಎಂದರು. ಇದು ನನಗೆ ಸರಿಕಾಣುವುದಿಲ್ಲ. ಮಗುವಿನ ಶಿಕ್ಷಕಿಗೆ ಸಭೆಯಲ್ಲಿ ಸ್ವಂತ ಅಭಿಪ್ರಾಯ ಇರಬೇಕು, ದುಭಾಷಿಗೆ ಇರಕೂಡದು. ಒಬ್ಬಳನ್ನೇ ಎರಡೂ ಆಗೆಂದರೆ ಎರಡೂ ಕೆಡುತ್ತವೆ.

ಪೋಷಕರಿಗೆ ಅರ್ಥವಾಗುವ ಭಾಷೆಯಲ್ಲಿ ತಿಳಿಸುವುದು ಶಾಲೆ ದಯೆಯಿಂದ ಮಾಡುವ ಉಪಕಾರವೂ ಅಲ್ಲ. 1964ರ ನಾಗರಿಕ ಹಕ್ಕುಗಳ ಕಾಯ್ದೆಯ ಆಧಾರದಲ್ಲಿ, ಸ್ಯಾನ್ ಫ್ರಾನ್ಸಿಸ್ಕೋದ ಚೀನೀ ಮಕ್ಕಳ ಪರವಾಗಿ 1974ರಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ 'ಲಾವ್ ವಿರುದ್ಧ ನಿಕೋಲ್ಸ್' ತೀರ್ಪು, ಅರ್ಥವಾಗದ ಭಾಷೆಯಲ್ಲಿ ಪಾಠ ಮಾಡಿ ಸುಮ್ಮನಾಗುವುದು ಸಮಾನ ಶಿಕ್ಷಣವಲ್ಲ ಎಂದಿತು. ಅಂಗವೈಕಲ್ಯವಿರುವ ಮಕ್ಕಳ ಶಿಕ್ಷಣದ ಕೇಂದ್ರ ಕಾನೂನಿನಡಿ, ಸಭೆಯಲ್ಲಿ ಏನು ನಡೆಯುತ್ತಿದೆ ಎಂಬುದು ಪೋಷಕರಿಗೆ ತಿಳಿಯುವಂತೆ ಶಾಲೆ ನೋಡಿಕೊಳ್ಳಬೇಕು. ಬೇಕಾದರೆ ದುಭಾಷಿಯನ್ನೂ ಒದಗಿಸಬೇಕು.

ಸ್ಪ್ಯಾನಿಷ್ ಬಂದವರಿಗೂ ಕೆಲವೊಮ್ಮೆ ದಾರಿ ಕಾಣುವುದಿಲ್ಲ. ಗ್ವಾಟೆಮಾಲಾದಿಂದ ಬಂದ ಎಷ್ಟೋ ಕುಟುಂಬಗಳ ಮನೆಮಾತು ಮಾಮ್, ಕಿಚೆಯಂಥ ಮಾಯಾ ಭಾಷೆಗಳು. ಅವರಿಗೆ ಸ್ಪ್ಯಾನಿಷ್ ಎರಡನೆಯ ಭಾಷೆ. ತಾಯಿ ತಲೆಯಾಡಿಸಿದ ಮಾತ್ರಕ್ಕೆ ಅರ್ಥವಾಯಿತೆಂದು ತಿಳಿಯದೆ, ಮನೆಯಲ್ಲಿ ಯಾವ ಮಾತು ಎಂದು ಮೊದಲೇ ವಿಚಾರಿಸಬೇಕು.

ಅಮೆರಿಕದಲ್ಲಿರುವ ನಮ್ಮವರಿಗೂ ಒಂದು ಮಾತು. ಈ ಹಕ್ಕು ಸ್ಪ್ಯಾನಿಷ್ ಆಡುವವರಿಗೆ ಮಾತ್ರ ಸೀಮಿತವಲ್ಲ. ಊರಿಂದ ಹೊಸದಾಗಿ ಬಂದು ಇಂಗ್ಲಿಷಿನಲ್ಲಿ ಹಿಂಜರಿಯುವ ತಂದೆತಾಯಿ, ಶಾಲೆಯ ಸಭೆಗೆ ಕನ್ನಡದ ದುಭಾಷಿ ಬೇಕೆಂದು ಮುಂಚೆಯೇ, ಬರವಣಿಗೆಯಲ್ಲಿ ಕೇಳಲಿ. ಮಗುವನ್ನೇ ನಡುವೆ ಕೂರಿಸಿ ಅದರ ಬಗ್ಗೆ ಅದರ ಬಾಯಿಂದಲೇ ಹೇಳಿಸಬೇಡಿ.