ರೈಲ್ವೆ ಗೇಟಿನಲ್ಲಿ ಅಪಘಾತವಾದರೆ ಹೊಣೆ ಯಾರದು?

ಬಳ್ಳಾರಿಯಿಂದ ಹೊಸಪೇಟೆಗೆ ಬರುವ ರೈಲುದಾರಿಯಲ್ಲಿ ಪಾಪಿನಾಯಕನಹಳ್ಳಿ ಎಂಬ ಸಣ್ಣ ನಿಲ್ದಾಣವೊಂದುಂಟು. ಸದರನ್ ಮರಾಠಾ ರೈಲ್ವೆ ಕಂಪನಿಯ ಕಾಲದಲ್ಲಿ, ೧೮೮೦ರ ದಶಕದಲ್ಲಿ ಆರಂಭವಾದ ಈ ದಾರಿಯು ಈಗ ಹುಬ್ಬಳ್ಳಿಯಲ್ಲಿ ಮುಖ್ಯ ಕಚೇರಿಯುಳ್ಳ ನೈಋತ್ಯ ರೈಲ್ವೆಗೆ ಸೇರಿರುವುದು. ಈ ಸೀಮೆಯ ಕಬ್ಬಿಣದ ಅದಿರನ್ನು ಹೊತ್ತ ಗೂಡ್ಸು ಗಾಡಿಗಳು ಇದರ ಮೇಲೆ ಹಗಲಿರುಳೂ ಓಡಾಡುವುವು. ಹೊಸಪೇಟೆಯಿಂದ ಹಂಪೆಗೆ ಹೋಗುವವರು ಅನಂತಶಯನಗುಡಿಯ ಗೇಟಿನ ಮುಂದೆ ಎಷ್ಟು ಹೊತ್ತು ಕಾದು ನಿಂತಿದ್ದಾರೆಂಬುದನ್ನು ಆ ಊರಿನ ವಾಚಕರಿಗೆ ನಾವು ಹೇಳಬೇಕಾದುದಿಲ್ಲ. ಬೇಸರವು ಸಹಜವೇ. ಆದರೆ ತುಂಬಿದ ಗೂಡ್ಸು ಗಾಡಿಯು ಬ್ರೇಕು ಹಾಕಿದ ಮೇಲೂ ನಿಲ್ಲುವುದಕ್ಕೆ ಒಂದು ಕಿಲೋಮೀಟರಿನಷ್ಟು ದೂರ ಬೇಕಾಗಬಹುದು. ಎದುರಿಗೆ ಬಂಡಿಯನ್ನು ಕಂಡ ಚಾಲಕನು ಕೂಗು ಹಾಕಬಲ್ಲನೇ ಹೊರತು ಗಾಡಿಯನ್ನು ನಿಲ್ಲಿಸಲಾರನು.

ಇಂಥ ಕಡೆಯಲ್ಲಿ ಅನರ್ಥವಾಗಿ ಮನೆಯ ದುಡಿಯುವವನೇ ಹೋಗಿಬಿಟ್ಟರೆ, ಉಳಿದವರಿಗೆ ಪರಿಹಾರ ಕೊಡತಕ್ಕವರು ಯಾರು? ಈ ಪ್ರಶ್ನೆಯನ್ನು ದುಃಖದ ದಿನದಲ್ಲಿ ವಿಚಾರಿಸುವುದಕ್ಕಿಂತ ಮೊದಲೇ ತಿಳಿದಿರುವುದು ಮೇಲೆಂದು ನಮಗೆ ತೋರುತ್ತದೆ.

ಮೊದಲಿಗೆ ಒಂದು ಭೇದವನ್ನು ಗಮನಿಸಬೇಕು. ರೈಲಿನೊಳಗೆ ಕುಳಿತ ಪ್ರಯಾಣಿಕನು ರೈಲು ಅಪಘಾತದಲ್ಲಿ ತೀರಿಕೊಂಡರೆ, ೧೯೮೯ರ ರೈಲ್ವೆ ಕಾಯಿದೆಯ ೧೨೪ನೆಯ ಕಲಮಿನ ಪ್ರಕಾರ ಆತನ ಅವಲಂಬಿಗಳಿಗೆ ಪರಿಹಾರ ದೊರೆಯುವುದು. ತಪ್ಪು ಯಾರದೆಂದು ಅವರು ಸಾಧಿಸಿ ತೋರಿಸಬೇಕಾಗಿಲ್ಲ. ೨೦೧೭ರ ಜನವರಿ ೧ರಿಂದ ಈ ಮೊತ್ತವು ಎಂಟು ಲಕ್ಷ ರೂಪಾಯಿ. ಅದೇ ರೈಲು ರಸ್ತೆಯ ಗೇಟಿನಲ್ಲಿ ಬಸ್ಸಿಗೆ ಬಡಿದರೆ, ಬಸ್ಸಿನಲ್ಲಿದ್ದವನಿಗೆ ಈ ಕಲಮು ಒದಗದು. ಆತನು ಹಳಿಯ ಮೇಲೆ ಸತ್ತರೂ ರೈಲಿನ ಪ್ರಯಾಣಿಕನಲ್ಲ. ಆತನ ಮನೆಯವರು ರೈಲ್ವೆಯ ಅಲಕ್ಷ್ಯವನ್ನು ಸಾಕ್ಷಿಸಮೇತ ತೋರಿಸಿಯೇ ಹಣ ಕೇಳಬೇಕು. ಬಡವರ ಪಾಲಿಗೆ ಇದು ಕಠಿನವಾದ ಭೇದವೆಂದೇ ನಮ್ಮ ಅಭಿಪ್ರಾಯ.

ಬಹುಕಾಲದವರೆಗೆ ರೈಲ್ವೆಯವರ ಕಡೆಯಿಂದ ಬರುತ್ತಿದ್ದ ಸಮಾಧಾನವು ಇದು: ಗೇಟು ನಿಲ್ಲಿಸಿ ಕಾವಲುಗಾರನನ್ನು ಇಡಬೇಕೆಂದು ಸರ್ಕಾರವು ಕಾಯಿದೆಯಂತೆ ಅಪ್ಪಣೆಮಾಡಿದರೆ ಇಡುವೆವು, ಅಪ್ಪಣೆಯಿಲ್ಲದಿದ್ದಲ್ಲಿ ನಮ್ಮ ಹೊಣೆಯಿಲ್ಲ. ೧೮೯೦ರ ಹಳೆಯ ಕಾಯಿದೆಯ ೧೩ನೆಯ ಕಲಮು ಈ ವಾದಕ್ಕೆ ಆಸರೆಯಾಗಿದ್ದಿತು. ಇದನ್ನು ಮುರಿದುದು ಕೇರಳದ ಒಂದು ಮೊಕದ್ದಮೆ. ೧೯೭೯ರ ಮೇ ತಿಂಗಳಿನಲ್ಲಿ ಕಾಲಡಿಯ ಹತ್ತಿರ, ಕಾವಲಿಲ್ಲದ ದಾಟುದಾರಿಯಲ್ಲಿ ಬಾಡಿಗೆಯ ಬಸ್ಸೊಂದಕ್ಕೆ ರೈಲು ಬಡಿದು ನಾಲ್ವತ್ತು ಮಂದಿ ಪ್ರಯಾಣಿಕರೂ ಬಸ್ಸಿನ ಚಾಲಕನೂ ಮಡಿದರು. ವ್ಯಾಜ್ಯವು ಹದಿನೆಂಟು ವರ್ಷ ನಡೆದು ೧೯೯೭ರಲ್ಲಿ ಸರ್ವೋಚ್ಚ ನ್ಯಾಯಾಲಯದಲ್ಲಿ ತೀರ್ಮಾನವಾಯಿತು. ಸತ್ತವರ ಮಕ್ಕಳು ಅಷ್ಟರಲ್ಲಿ ದೊಡ್ಡವರಾಗಿರಬೇಕು!

ಆ ತೀರ್ಪಿನಲ್ಲಿ ಗೃಹಸ್ಥರು ತಿಳಿಯತಕ್ಕ ಅಂಶಗಳು ಮೂರು ಉಂಟು. ರಸ್ತೆಯಲ್ಲಿ ಜನಸಂಚಾರವು ಹೆಚ್ಚಿದ್ದಲ್ಲಿ, ಸರ್ಕಾರದ ಅಪ್ಪಣೆ ಇರಲಿ ಇಲ್ಲದಿರಲಿ, ತಕ್ಕ ಎಚ್ಚರಿಕೆಯನ್ನು ವಹಿಸುವುದು ರೈಲ್ವೆಯ ಕರ್ತವ್ಯವೇ ಸರಿ. ಬಸ್ಸಿನ ಚಾಲಕನು ಅಲಕ್ಷ್ಯದಿಂದ ನಡೆದಿದ್ದರೂ ಆ ಪಾಪವು ಹಿಂದೆ ಕುಳಿತ ಪ್ರಯಾಣಿಕರ ತಲೆಗೆ ಬಾರದು. ಮತ್ತು ಮೋಟಾರು ವಾಹನವು ಸಿಕ್ಕಿಕೊಂಡ ಅಪಘಾತದಲ್ಲಿ ವಾಹನದ ಮಾಲೀಕನನ್ನೂ ವಿಮಾ ಕಂಪನಿಯನ್ನೂ ರೈಲ್ವೆಯನ್ನೂ ಒಂದೇ ಮೋಟಾರು ಅಪಘಾತ ನ್ಯಾಯಮಂಡಳಿಯ ಮುಂದೆ ಪ್ರತಿವಾದಿಗಳನ್ನಾಗಿ ನಿಲ್ಲಿಸಬಹುದು. ಇಬ್ಬರ ತಪ್ಪು ಕೂಡಿ ಮೂರನೆಯವನಿಗೆ ಹಾನಿಯಾದರೆ, ಆತನು ಪೂರ್ಣ ಮೊತ್ತವನ್ನು ಅವರಲ್ಲಿ ಯಾರೊಬ್ಬರಿಂದಲಾದರೂ ವಸೂಲುಮಾಡಬಹುದೆಂದು ಅದೇ ನ್ಯಾಯಾಲಯವು ೨೦೧೫ರ ಇನ್ನೊಂದು ಮೊಕದ್ದಮೆಯಲ್ಲಿ ಸ್ಪಷ್ಟಪಡಿಸಿತು. ಸ್ವತಃ ವಾಹನ ನಡೆಸಿದವನ ಸಂಗತಿ ಬೇರೆ. ಆತನ ತಪ್ಪಿನ ಪಾಲಿನಷ್ಟು ಪರಿಹಾರವು ಕಡಮೆಯಾಗುವುದು.

ಆ ತಪ್ಪನ್ನು ಅಳೆಯುವುದಕ್ಕೂ ಕಾನೂನಿನಲ್ಲಿ ಅಳತೆಗೋಲು ಉಂಟು. ಕಾವಲಿಲ್ಲದ ದಾಟುದಾರಿಯಲ್ಲಿ ಮೋಟಾರು ವಾಹನವನ್ನು ನಿಲ್ಲಿಸಿ, ಕಂಡಕ್ಟರನು ಇಳಿದು ಮುಂದೆ ನಡೆದು ಎರಡು ದಿಕ್ಕನ್ನೂ ನೋಡತಕ್ಕದ್ದು. ಕಂಡಕ್ಟರನಿಲ್ಲದಿದ್ದರೆ ಚಾಲಕನೇ ಇಳಿಯತಕ್ಕದ್ದೆಂದು ೧೯೮೮ರ ಮೋಟಾರು ವಾಹನ ಕಾಯಿದೆಯ ೧೩೧ನೆಯ ಕಲಮು ವಿಧಿಸಿದೆ. ಮುಚ್ಚಿದ ಗೇಟನ್ನು ತಾನಾಗಿ ತೆರೆದವನಿಗೆ ರೈಲ್ವೆ ಕಾಯಿದೆಯಂತೆ ಮೂರು ವರ್ಷದವರೆಗೂ ಮುರಿದವನಿಗೆ ಐದು ವರ್ಷದವರೆಗೂ ಸೆರೆ ಉಂಟು. ಗೇಟಿನ ಕೆಳಗೆ ಸೈಕಲ್ಲು ನುಗ್ಗಿಸುವ ನಮ್ಮ ತರುಣರು ಇದನ್ನು ಓದಲಿ.

ದೇಶದ ಬ್ರಾಡ್‌ಗೇಜ್ ದಾರಿಗಳಲ್ಲಿ ಕಾವಲಿಲ್ಲದ ದಾಟುದಾರಿಗಳನ್ನು ೨೦೧೯ರ ಜನವರಿಯ ಹೊತ್ತಿಗೆ ತೆಗೆದುಹಾಕಲಾಯಿತು. ಆದುದರಿಂದ ಈಗಿನ ಪ್ರಶ್ನೆಯು ಕಾವಲುಗಾರನು ತನ್ನ ಕೆಲಸ ಮಾಡಿದನೇ ಎಂಬುದು. ಗೇಟುಗಳಲ್ಲಿ ಎರಡು ಬಗೆ. ಒಂದರಲ್ಲಿ ಗೇಟಿಗೂ ಸಿಗ್ನಲ್ಲಿಗೂ ಬೀಗದ ಸಂಬಂಧವಿದ್ದು, ಗೇಟು ಮುಚ್ಚಿ ಬೀಗ ಬೀಳುವತನಕ ರೈಲಿಗೆ ಸಿಗ್ನಲ್ಲು ಸಿಗದು. ಇನ್ನೊಂದರಲ್ಲಿ ಆ ಸಂಬಂಧವಿಲ್ಲ; ಸ್ಟೇಷನ್ ಮಾಸ್ತರರು ಟೆಲಿಫೋನಿನಲ್ಲಿ ತಿಳಿಸುವರು, ಗೇಟು ಮುಚ್ಚಿದುದಕ್ಕೆ ಗುರುತಾಗಿ ಕಾವಲುಗಾರನು ಒಂದು ಗುಟ್ಟಿನ ಅಂಕಿಯನ್ನು ಹೇಳುವನು, ಅದು ಪುಸ್ತಕದಲ್ಲಿ ದಾಖಲಾಗುವುದು. ಎಲ್ಲವೂ ಒಬ್ಬ ಮನುಷ್ಯನ ಎಚ್ಚರದ ಮೇಲೆ ನಿಂತಿದೆ. ೨೦೨೫ರ ಜುಲೈ ೮ರಂದು ತಮಿಳುನಾಡಿನ ಕಡಲೂರಿನ ಬಳಿ ಶಾಲೆಯ ವ್ಯಾನಿಗೆ ರೈಲು ಬಡಿದು ಮೂವರು ಮಕ್ಕಳು ತೀರಿಕೊಂಡುದು ಈ ಎರಡನೆಯ ಬಗೆಯ ಗೇಟಿನಲ್ಲಿಯೇ.

ಆ ಸಂದರ್ಭದಲ್ಲಿ ರೈಲ್ವೆಯು ಸತ್ತವರ ಮನೆಗೆ ಐದು ಲಕ್ಷ ರೂಪಾಯಿಯನ್ನು ಸಾರಿತು. ೨೦೨೩ರ ಸೆಪ್ಟೆಂಬರಿನಲ್ಲಿ ರೈಲ್ವೆ ಮಂಡಳಿಯು ಐವತ್ತು ಸಾವಿರದಿಂದ ಹೆಚ್ಚಿಸಿದ ಮೊತ್ತವಿದು. ಕಾವಲುಳ್ಳ ಗೇಟಿನಲ್ಲಿ ಮೇಲುನೋಟಕ್ಕೆ ರೈಲ್ವೆಯದೇ ತಪ್ಪೆಂದು ಕಂಡರೆ ಇದು ರಸ್ತೆಯವರಿಗೂ ಸಲ್ಲುವುದು. ಆದರೆ ವಾಚಕರು ಚೆನ್ನಾಗಿ ನೆನಪಿಡಬೇಕು: ಇದು ತಕ್ಷಣದ ನೆರವೇ ಹೊರತು ನ್ಯಾಯಾಲಯವು ಗೊತ್ತುಮಾಡುವ ಪರಿಹಾರವಲ್ಲ. ಇದನ್ನು ಪಡೆದೆವೆಂದು ಮೊಕದ್ದಮೆಯನ್ನು ಕೈಬಿಡಬೇಕಾದುದಿಲ್ಲ.

ಮೊಕದ್ದಮೆಗೆ ಸಾಕ್ಷ್ಯವೇ ಜೀವಾಳ. ಗೇಟು ತೆರೆದಿದ್ದಿತೆ, ರೈಲು ಕೂಗಿತೆ, ತಿರುವಿನಲ್ಲಿ ಗಿಡಗಂಟೆ ಬೆಳೆದು ಹಳಿ ಮರೆಯಾಗಿದ್ದಿತೆ, ರಾತ್ರಿಯಾದರೆ ಗೇಟಿನ ದೀಪ ಉರಿಯುತ್ತಿದ್ದಿತೆ ಎಂಬುದನ್ನು ಕಂಡವರ ಹೆಸರುಗಳನ್ನು ಅಂದೇ ಬರೆದಿಟ್ಟುಕೊಳ್ಳಬೇಕು. ಪೊಲೀಸರ ಪಂಚನಾಮೆಯ ನಕಲನ್ನು ಪಡೆಯಬೇಕು. ಗೇಟಿನ ಪುಸ್ತಕವನ್ನೂ ಟೆಲಿಫೋನಿನ ದಾಖಲೆಯನ್ನೂ ತರಿಸಬೇಕೆಂದು ವಕೀಲರ ಮೂಲಕ ಬೇಗನೆ ಕೇಳಿಕೊಳ್ಳಬೇಕು.

ಕಾಲಮಿತಿಯೂ ಉಂಟು. ಮೋಟಾರು ವಾಹನದ ಅಪಘಾತವಾದರೆ ಆರು ತಿಂಗಳೊಳಗೆ ನ್ಯಾಯಮಂಡಳಿಗೆ ಅರ್ಜಿ ಕೊಡಬೇಕೆಂದು ೨೦೨೨ರ ಏಪ್ರಿಲ್ ೧ರಿಂದ ವಿಧಿಯಾಗಿದೆ. ಈ ಮಿತಿಯನ್ನು ಪ್ರಶ್ನಿಸಿದ ವ್ಯಾಜ್ಯವು ಸರ್ವೋಚ್ಚ ನ್ಯಾಯಾಲಯದವರೆಗೆ ಹೋಗಿರುವುದಾದರೂ ಅದನ್ನು ನಂಬಿ ಕೂಡುವುದು ಜಾಣತನವಲ್ಲ. ಎತ್ತಿನ ಬಂಡಿಯವನೋ ಕಾಲ್ನಡೆಯವನೋ ತೀರಿಕೊಂಡಿದ್ದರೆ, ೧೮೫೫ರ ಮಾರಕ ಅಪಘಾತಗಳ ಕಾಯಿದೆಯಂತೆ ಎರಡು ವರ್ಷದೊಳಗೆ ಸಿವಿಲ್ ನ್ಯಾಯಾಲಯದಲ್ಲಿ ದಾವೆ ಹೂಡಬೇಕು. ಈ ದಾವೆಯು ಕೇಂದ್ರ ಸರ್ಕಾರದ ಮೇಲಿನದಾದುದರಿಂದ, ಎರಡು ತಿಂಗಳು ಮುಂಚಿತವಾಗಿ ರೈಲ್ವೆಯ ಜನರಲ್ ಮ್ಯಾನೇಜರರಿಗೆ ಲಿಖಿತ ನೋಟೀಸು ಮುಟ್ಟಿಸತಕ್ಕದ್ದು. ಪಾಪಿನಾಯಕನಹಳ್ಳಿಯ ಕಡೆಯವರು ಅದನ್ನು ಹುಬ್ಬಳ್ಳಿಗೆ ಕಳುಹಿಸಬೇಕು.