ಬೇಸಗೆಯ ಪಾನಕಗಳೂ ಗಿಡಗಳ ಹೆಸರುಗಳೂ

ಚೈತ್ರವು ಕಳೆದು ವೈಶಾಖವು ಕಾಲಿಟ್ಟಿತೆಂದರೆ ನಮ್ಮ ಹೈದರಾಬಾದಿನ ಬಂಡೆಗಳು ಹಗಲೆಲ್ಲ ಕಾದು ರಾತ್ರಿಯೆಲ್ಲ ಬಿಸಿಯುಸಿರು ಬಿಡುತ್ತವೆ. ಮೇ ತಿಂಗಳಿನಲ್ಲಿ ಉಷ್ಣತೆಯು 40 ಡಿಗ್ರಿ ಸೆಲ್ಸಿಯಸ್ಸನ್ನು ದಾಟುವುದು ಇಲ್ಲಿ ಅಪರೂಪವಲ್ಲ. ಆಗ ನಮ್ಮ ದೇಹವು ತನ್ನನ್ನು ತಾನು ಕಾಪಾಡಿಕೊಳ್ಳುವುದು ಬೆವರಿನಿಂದ. ಒಂದು ಲೀಟರು ಬೆವರು ಮೈಮೇಲೆ ಪೂರ್ಣವಾಗಿ ಆರಿದರೆ ಅದು ಸುಮಾರು 580 ಕಿಲೊಕ್ಯಾಲೊರಿಗಳಷ್ಟು ಶಾಖವನ್ನು ಸೆಳೆದುಕೊಂಡು ಹೋಗುತ್ತದೆ. ಅಷ್ಟು ಶಾಖದಿಂದ ಎಂಟು ಲೀಟರು ನೀರನ್ನು ಕುದಿಯುವ ಮಟ್ಟಕ್ಕೆ ತರಬಹುದು. ಆದರೆ ಬೆವರಿನೊಡನೆ ನೀರು ಮಾತ್ರವಲ್ಲದೆ ಉಪ್ಪೂ ಹೊರಟುಹೋಗುತ್ತದೆಂಬುದನ್ನು ಬೆವರಿದ ಅಂಗಿಯ ಮೇಲಿನ ಬಿಳಿಯ ಗೆರೆಗಳೇ ಹೇಳುತ್ತವೆ.

ಹೋದುದನ್ನು ತುಂಬಿಕೊಡುವ ಉಪಾಯವನ್ನು ನಮ್ಮ ಹಿರಿಯರು ಪಾನಕದಲ್ಲಿ ಕಂಡುಕೊಂಡರು. ನೀರು, ಬೆಲ್ಲ, ಹುಳಿ, ಚಿಟಿಕೆ ಉಪ್ಪು, ಇಷ್ಟೇ ಅದರ ಸಾಮಗ್ರಿ. ಸಣ್ಣ ಕರುಳು ಉಪ್ಪನ್ನೂ ಸಕ್ಕರೆಯನ್ನೂ ಜೊತೆಯಾಗಿ ಹೀರಿಕೊಳ್ಳುತ್ತದೆ, ನೀರು ಅವುಗಳ ಬೆನ್ನು ಹತ್ತಿ ಬರುತ್ತದೆ ಎಂಬ ಸಂಗತಿಯನ್ನು ವೈದ್ಯವಿಜ್ಞಾನವು ಸ್ಪಷ್ಟವಾಗಿ ತಿಳಿದುಕೊಂಡದ್ದು ಇಪ್ಪತ್ತನೆಯ ಶತಮಾನದಲ್ಲಿ. 1971ರಲ್ಲಿ ಬಾಂಗ್ಲಾ ಯುದ್ಧದ ನಿರಾಶ್ರಿತರಲ್ಲಿ ಕಾಲರಾ ಹಬ್ಬಿದಾಗ, ಡಾ. ದಿಲೀಪ್ ಮಹಲನಬೀಸರು ಪಶ್ಚಿಮ ಬಂಗಾಳದ ಬನಗಾಂವ್ ಎಂಬಲ್ಲಿ ಉಪ್ಪು ಸಕ್ಕರೆಗಳನ್ನು ಅಳತೆಯಾಗಿ ಬೆರೆಸಿದ ನೀರನ್ನು ಕುಡಿಸಿ ಅಸಂಖ್ಯ ಪ್ರಾಣಗಳನ್ನು ಉಳಿಸಿದರು. ಹಾಗೆಂದು ಪಾನಕವೇ ಔಷಧವೆಂದು ತಿಳಿಯಬಾರದು. ಬಿಸಿಲಿನಲ್ಲಿ ಒಬ್ಬನಿಗೆ ಮೈ ಸುಡುತ್ತಿದ್ದು ಮಾತು ತೊದಲಿದರೆ, ಅಥವಾ ಎಚ್ಚರ ತಪ್ಪಿದರೆ, ಬಾಯಿಗೆ ಏನನ್ನೂ ಹೊಯ್ಯದೆ ನೆರಳಿಗೆ ಒಯ್ದು, ಮೈಗೆ ತಣ್ಣೀರು ಹಾಕಿ, ಕೂಡಲೇ ಆಸ್ಪತ್ರೆಗೆ ಸಾಗಿಸತಕ್ಕದ್ದು.

ಈ ಪಾನಕಗಳ ಹುಳಿಯೂ ಪರಿಮಳವೂ ಹಿಂದೆ ಅಂಗಡಿಯಿಂದ ಬರುತ್ತಿರಲಿಲ್ಲ. ಹೊಲದ ಬದು, ಗುಡ್ಡದ ಓರೆ, ಗುಡಿಯ ಹಿತ್ತಿಲುಗಳಿಂದ ಬರುತ್ತಿದ್ದವು. ನಿಮ್ಮಲ್ಲಿ ಅನೇಕರ ಅಜ್ಜ ಅಜ್ಜಿಯರು ಬೀದರ, ಕಲಬುರಗಿ, ರಾಯಚೂರು ಸೀಮೆಗಳಿಂದ ಬಂದವರು. 1956ರ ನವೆಂಬರ್ 1ರವರೆಗೆ ಆ ಜಿಲ್ಲೆಗಳೂ ಈ ನಗರವೂ ಒಂದೇ ಹೈದರಾಬಾದು ರಾಜ್ಯದಲ್ಲಿದ್ದವು. ಹಿರಿಯರು ಗಂಟುಮೂಟೆಗಳೊಡನೆ ಗಿಡಗಳ ಹೆಸರುಗಳನ್ನೂ ಹೊತ್ತು ತಂದರು. ಆದರೆ ಇಲ್ಲಿ ಮನೆಯ ಮಾತು ಕನ್ನಡ, ಬೀದಿಯ ಮಾತು ತೆಲುಗು, ಬಜಾರಿನ ಮಾತು ಉರ್ದು. ಒಂದೇ ಗಿಡಕ್ಕೆ ಮೂರು ಹೆಸರಿರುವುದು ಕಷ್ಟವಲ್ಲ, ಮೂರನ್ನೂ ಕಲಿಯಬಹುದು. ಒಂದೇ ಹೆಸರು ಎರಡು ಗಿಡಗಳಿಗೆ ಇದ್ದರೆ ಮಾತ್ರ ತೊಡಕು.

ಬೇಲದ ಹಣ್ಣನ್ನೇ ತೆಗೆದುಕೊಳ್ಳಿರಿ. ರಾಮನವಮಿಗೆ ಪಾನಕ ಮಾಡಲು ಅಜ್ಜಿಯು "ಬೇಲದ ಹಣ್ಣು ತಾರಪ್ಪಾ" ಎನ್ನುತ್ತಾಳೆ. ಹುಡುಗನು ಬಜಾರಿಗೆ ಹೋಗಿ "ಬೇಲ್" ಎಂದು ಕೇಳುತ್ತಾನೆ. ವ್ಯಾಪಾರಿಯು ಕೊಡುವುದು ಬಿಲ್ವದ ಹಣ್ಣನ್ನು! ವ್ಯಾಪಾರಿಯ ತಪ್ಪೇನೂ ಇಲ್ಲ. ಹಿಂದಿ ಉರ್ದುಗಳಲ್ಲಿ 'ಬೇಲ್' ಎಂದರೆ ಬಿಲ್ವ. ನಮ್ಮ ಬೇಲಕ್ಕೆ ಅವರು 'ಕೈಥ್' ಎನ್ನುತ್ತಾರೆ, ಮರಾಠಿಗರು 'ಕವಠ' ಎನ್ನುತ್ತಾರೆ. ತೆಲುಗಿನಲ್ಲಿ ಬೇಲವು 'ವೆಲಗ', ಬಿಲ್ವವು 'ಮಾರೇಡು'. ಶಾಸ್ತ್ರಜ್ಞರು ಬೇಲವನ್ನು ಲಿಮೋನಿಯ ಅಸಿಡಿಸ್ಸಿಮ ಎಂದೂ ಬಿಲ್ವವನ್ನು ಈಗಲ್ ಮಾರ್ಮೆಲೋಸ್ ಎಂದೂ ಕರೆದು ಈ ಜಗಳವನ್ನು ತೀರಿಸಿದ್ದಾರೆ. ಎರಡೂ ನಿಂಬೆಯ ಕುಟುಂಬಕ್ಕೆ ಸೇರಿದವು, ಎರಡಕ್ಕೂ ಮುಳ್ಳುಂಟು, ಎರಡರ ಹಣ್ಣಿಗೂ ಗಟ್ಟಿಯಾದ ಕರಟವುಂಟು. ಆದರೆ ಬಿಲ್ವದ್ದು ತ್ರಿದಳ. ಶಿವಪೂಜೆಗೆ ಒಯ್ಯುವ ಪತ್ರೆ ಅದೇ. ಬೇಲದ ಎಲೆಯಲ್ಲಿ ಸಾಮಾನ್ಯವಾಗಿ ಐದು ಅಥವಾ ಏಳು ಕಿರುದಳಗಳು. ಕೈಯಲ್ಲಿ ಹೊಸಕಿದರೆ ಸೋಂಪಿನ ವಾಸನೆ. ಬಿಲ್ವದ ಹಣ್ಣು ನುಣುಪು, ಹಳದಿ. ಒಳಗಿನ ತಿರುಳು ಸಿಹಿ, ಬೀಜಗಳು ಅಂಟಿನಲ್ಲಿ ಮುಳುಗಿರುತ್ತವೆ. ಬೇಲದ ಹಣ್ಣು ಬೂದುಬಿಳುಪು, ಒರಟು. ಒಳಗೆ ಕಂದುಬಣ್ಣದ ಹುಳಿಸಿಹಿ ತಿರುಳು.

ಬೇಲವು ಬಲಿತಿದೆಯೇ ಎಂದು ನೋಡಲು ಒಂದು ಸೊಗಸಾದ ಪರೀಕ್ಷೆಯುಂಟು. ಹಣ್ಣನ್ನು ಒಂದು ಅಡಿ ಎತ್ತರದಿಂದ ಗಟ್ಟಿ ನೆಲದ ಮೇಲೆ ಬಿಡಬೇಕು. ಎಳೆಯದಾದರೆ ಪುಟಿಯುತ್ತದೆ, ಬಲಿತದ್ದು ಪುಟಿಯದೆ ಬಿದ್ದಲ್ಲೇ ನಿಲ್ಲುತ್ತದೆ. ಅದನ್ನು ಒಡೆದು, ಒಂದು ಹಣ್ಣಿನ ತಿರುಳನ್ನು ನಾಲ್ಕು ಲೋಟ ನೀರಿನಲ್ಲಿ ಅರ್ಧ ಗಂಟೆ ನೆನೆಯಿಟ್ಟು, ಚೆನ್ನಾಗಿ ಕಿವುಚಿ, ನಾರು ಬೀಜಗಳನ್ನು ಸೋಸಿ, ತಿರುಳಿನಷ್ಟೇ ತೂಕದ ಬೆಲ್ಲವನ್ನು ಕರಗಿಸಿ, ಏಲಕ್ಕಿ, ಮೆಣಸಿನ ಪುಡಿ, ಚಿಟಿಕೆ ಉಪ್ಪು ಸೇರಿಸಿದರೆ ಪಾನಕವು ಸಿದ್ಧ. ಬಿಲ್ವದ ಹಣ್ಣಿನಿಂದಲೂ ಉತ್ತಮವಾದ ಶರಬತ್ತಾಗುತ್ತದೆ; ಅದರಲ್ಲಿ ಹುಳಿಯಿಲ್ಲವಾದ್ದರಿಂದ ನಿಂಬೆಯ ರಸ ಬೇಕು, ಬೆಲ್ಲ ಕಡಮೆ ಸಾಕು. ಆದುದರಿಂದ ಬೇಲ ಬಿಲ್ವಗಳ ಗೊಂದಲದಿಂದ ಕೆಡುವುದು ಅಜ್ಜಿಯ ಪಾನಕದ ರುಚಿ ಮಾತ್ರ.

ಸೊಗದೆ ಬೇರಿನ ವಿಷಯದಲ್ಲಿ ಹೀಗೆ ನಗುತ್ತ ಇರಲಾಗದು. ಕನ್ನಡದಲ್ಲಿ ನಾಮದ ಬೇರು, ಹಾಲುಬಳ್ಳಿ ಎಂದೂ, ತೆಲುಗಿನಲ್ಲಿ ಸುಗಂಧಿಪಾಲ ಎಂದೂ, ಹಿಂದಿಯಲ್ಲಿ ಅನಂತಮೂಲ್ ಎಂದೂ, ತಮಿಳಿನಲ್ಲಿ ನನ್ನಾರಿ ಎಂದೂ ಹೆಸರಾದ ಈ ತೆಳುಬಳ್ಳಿಯ ಶಾಸ್ತ್ರೀಯ ನಾಮ ಹೆಮಿಡೆಸ್ಮಸ್ ಇಂಡಿಕಸ್. ಎಲೆಗಳು ಎದುರುಬದುರಾಗಿ ಇರುತ್ತವೆ. ಹಲವು ಎಲೆಗಳ ನಡುವೆ ನಾಮ ಎಳೆದಂತೆ ಬಿಳಿಯ ಪಟ್ಟೆ ಕಾಣುತ್ತದೆ. ಚಿವುಟಿದರೆ ಹಾಲು ಬರುತ್ತದೆ. ಆದರೆ ಹಾಲು ಬಂದುದೆಲ್ಲ ಹಾಲುಬಳ್ಳಿಯಲ್ಲ! ವಿಷವುಳ್ಳ ಎಕ್ಕದಲ್ಲಿಯೂ ಹಾಲುಂಟು, ಬೇಲಿಯ ಕಳ್ಳಿಯಲ್ಲಿಯೂ ಉಂಟು, ಹೋಲಿಕೆಯುಳ್ಳ ಬೇರೆ ಬಳ್ಳಿಗಳಲ್ಲಿಯೂ ಉಂಟು. ನಿಜವಾದ ಗುರುತು ಬೇರಿನ ಪರಿಮಳ. ಆ ಪರಿಮಳಕ್ಕೆ ಕಾರಣವಾದ ವಸ್ತುವು ವೆನಿಲಾದ ಪರಿಮಳದ್ರವ್ಯಕ್ಕೆ ಸೋದರನಂತಿದ್ದು, ಎರಡರಲ್ಲಿಯೂ ಅವೇ ಪರಮಾಣುಗಳು ಅಷ್ಟೇ ಸಂಖ್ಯೆಯಲ್ಲಿ ಇವೆ. ಜೋಡಣೆ ಮಾತ್ರ ಬೇರೆ. ಹೀಗಿದ್ದರೂ ಬಲ್ಲ ಹಿರಿಯರು ಗುರುತಿಸಿಕೊಡದೆ ಯಾವ ಬೇರನ್ನೂ ನೀವಾಗಿಯೇ ಕಿತ್ತು ಬಾಯಿಗಿಡಕೂಡದು.

ಶರಬತ್ತಿಗೆ ಒಂದು ಹಿಡಿ ಬೇರನ್ನು ತೊಳೆದು, ಜಜ್ಜಿ, ಒಳಗಿನ ಕಡ್ಡಿಯನ್ನು ತೆಗೆದುಹಾಕಿ, ಸಿಪ್ಪೆಯನ್ನು ಒಂದು ಲೀಟರು ಬಿಸಿನೀರಿನಲ್ಲಿ ರಾತ್ರಿಯೆಲ್ಲ ಮುಚ್ಚಿಡಬೇಕು. ಬಹಳ ಹೊತ್ತು ಕುದಿಸಿದರೆ ಪರಿಮಳವು ಆವಿಯೊಡನೆ ಹಾರಿಹೋಗುತ್ತದೆ. ಬೆಳಗ್ಗೆ ಸೋಸಿ, ಸಕ್ಕರೆಯ ಪಾಕಕ್ಕೆ ಕೂಡಿಸಿ, ಕುಡಿಯುವಾಗ ನಿಂಬೆಯ ರಸ ಹಿಂಡಿಕೊಳ್ಳಬೇಕು. ಅಂಗಡಿಯ ಸುಗಂಧಿ ಶರಬತ್ತಿನಲ್ಲಿ ಕೆಲವೊಮ್ಮೆ ಬಣ್ಣ, ಕೃತಕ ಪರಿಮಳಗಳೇ ಹೆಚ್ಚು. ಸೀಸೆಯ ಮೇಲಿನ ಚೀಟಿಯನ್ನು ಓದುವ ಅಭ್ಯಾಸ ಒಳ್ಳೆಯದು. ರಾಯಲಸೀಮೆಯ ಕಡೆ ಮಾಕಳಿ ಬೇರಿನಿಂದಲೂ ಈ ಶರಬತ್ತನ್ನು ಮಾಡುತ್ತಾರೆ. ಅದು ಡೆಕಾಲೆಪಿಸ್ ಹ್ಯಾಮಿಲ್ಟೋನಿ ಎಂಬ ಬೇರೊಂದು ಬಳ್ಳಿ. ಪರಿಮಳ ಒಂದೇ ಜಾತಿಯದು. ಅದರ ಗಡ್ಡೆಗೆ ತೆಲುಗಿನಲ್ಲಿ 'ಮಾರೇಡು' ಗಡ್ಡೆ ಎಂಬ ಹೆಸರೂ ಉಂಟು. ಬಿಲ್ವಕ್ಕೂ ಅದೇ ಮಾತನ್ನು ಆಗಲೇ ಕೇಳಿದಿರಲ್ಲವೆ? ಬೇರಿಗಾಗಿ ಮಿತಿಮೀರಿ ಅಗೆದುದರಿಂದ ಈ ಬಳ್ಳಿಯು ಕಾಡುಗಳಲ್ಲಿ ವಿರಳವಾಗುತ್ತಿದೆ. ಹಣ್ಣು ಕಿತ್ತರೆ ಮರ ಉಳಿಯುತ್ತದೆ. ಬೇರು ಕಿತ್ತರೆ ಏನು ಉಳಿದೀತು?

ಹುಣಸೆಯನ್ನು ಗುರುತಿಸಲಾರದವರು ನಿಮ್ಮಲ್ಲಿ ಯಾರೂ ಇರಲಾರರು. ಅರಬರು ಅದನ್ನು 'ತಮರ್ ಹಿಂದೀ', ಎಂದರೆ ಹಿಂದೂಸ್ಥಾನದ ಖರ್ಜೂರ ಎಂದು ಕರೆದರು. 1908ರ ಸೆಪ್ಟೆಂಬರಿನಲ್ಲಿ ಮೂಸಿ ನದಿಯು ಉಕ್ಕಿ ಹರಿದಾಗ ಸುಮಾರು 150 ಜನರು ಹುಣಸೆಯ ಮರವೊಂದನ್ನೇರಿ ಬದುಕಿಕೊಂಡರು. ಉಸ್ಮಾನಿಯಾ ಆಸ್ಪತ್ರೆಯ ಆವರಣದ ಆ ಮರವನ್ನು ನಗರವು ಇಂದಿಗೂ ನೆನೆಯುತ್ತದೆ. ಪಾನಕಕ್ಕೆ ನಿಂಬೆಗಾತ್ರದ ಹಣ್ಣು ಮೂರು ಲೋಟ ನೀರಿಗೆ ಸಾಕು. ಗಾಳಿಗೆ ಉದುರಿದ ಮಾವಿನಕಾಯಿಯನ್ನು ಕೆಂಡದಲ್ಲಿ ಸುಟ್ಟು ಅಥವಾ ಬೇಯಿಸಿ, ತಿರುಳಿಗೆ ಬೆಲ್ಲ, ಜೀರಿಗೆ, ಉಪ್ಪು ಬೆರೆಸಿದರೆ ಅದೂ ಒಂದು ಪಾನಕ. ತೊಟ್ಟಿನ ಸೊನೆಯನ್ನು ಮೊದಲೇ ತೊಳೆಯಿರಿ, ಅದು ತಾಗಿದರೆ ತುಟಿ ಬೇಯುತ್ತದೆ. ಲಾವಂಚದ ಬೇರನ್ನು ಶುಚಿಯಾಗಿ ತೊಳೆದು ಮಣ್ಣಿನ ಹೂಜಿಗೆ ಹಾಕಿದರೆ ನೀರಿಗೆ ಕಂಪು ಬರುತ್ತದೆ. ನೀರನ್ನು ತಣಿಸುವುದು ಬೇರಲ್ಲ, ಹೂಜಿಯ ಹೊರಮೈಯಿಂದ ಆರುವ ತೇವ; ಮೊದಲು ಹೇಳಿದ ಬೆವರಿನ ಕೆಲಸವೇ ಅಲ್ಲಿಯೂ ನಡೆಯುತ್ತದೆ. ಕರಾವಳಿಯ ಪುನರ್ಪುಳಿಯು ನಮ್ಮ ಈ ಒಣನಾಡಿನ ಗಿಡವಲ್ಲ. ಅದನ್ನು ಅಂಗಡಿಯಿಂದ ತರುವುದೇ ಸರಿ.

ನಗರದಲ್ಲಿ ಕೊಯ್ಯುವವರು ಮತ್ತೊಂದನ್ನೂ ಗಮನಿಸಬೇಕು. ವಾಹನಗಳ ಹೊಗೆ ಹತ್ತುವ ದಾರಿಯ ಬದಿಯಲ್ಲಿ, ಚರಂಡಿಯ ಅಂಚಿನಲ್ಲಿ, ಕೀಟನಾಶಕ ಸಿಂಪಡಿಸಿದ ತೋಟದಲ್ಲಿ ಬೆಳೆದುದನ್ನು ಎಷ್ಟೇ ಹಸುರಾಗಿದ್ದರೂ ಬಿಟ್ಟುಬಿಡಿರಿ. ತೇವದಲ್ಲಿ ಹಬ್ಬುವ ಒಂದೆಲಗವು ಕೊಳಚೆ ನೀರಿನ ಮಗ್ಗುಲಲ್ಲಿಯೂ ಸೊಂಪಾಗಿಯೇ ಬೆಳೆಯುತ್ತದೆ. ಕುಡಿಯುವ ನೀರನ್ನು ಕಾಯಿಸಿ ಆರಿಸಿಯೇ ಪಾನಕಕ್ಕೆ ಬಳಸಿರಿ. ಬೇಲ, ಹುಣಸೆಗಳ ಪಾನಕವನ್ನು ಮಾಡಿದ ದಿನವೇ ಕುಡಿದು ಮುಗಿಸಬೇಕು. ಈ ಸೆಕೆಯಲ್ಲಿ ಬೆಲ್ಲದ ನೀರು ಮರುದಿನಕ್ಕೆ ಹುದುಗು ಹಿಡಿಯುತ್ತದೆ. ಸಕ್ಕರೆಯ ಪಾಕದಲ್ಲಿ ಮಾಡಿದ ಸೊಗದೆಯ ಶರಬತ್ತು ಮಾತ್ರ ಒಣಗಿದ ಗಾಜಿನ ಸೀಸೆಯಲ್ಲಿ ಕೆಲವು ವಾರ ನಿಲ್ಲುತ್ತದೆ.