ಮಂಜುಗಡ್ಡೆಯ ಒಡಲು, ಗಣಕಯಂತ್ರದ ಎಣಿಕೆ

ಮಳೆಗಾಲಕ್ಕೆ ಮುಂಚಿನ ಗುಡುಗುಮಳೆಯೊಡನೆ ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಅಂಗಳದಲ್ಲಿ ಒಮ್ಮೊಮ್ಮೆ ಆಲಿಕಲ್ಲು ಬೀಳುವುದನ್ನು ತಾವು ಕಂಡಿರಬಹುದು. ಸಂಸ್ಕೃತದಲ್ಲಿ ಇದಕ್ಕೆ ವರ್ಷೋಪಲ, ಎಂದರೆ ಮಳೆಯ ಕಲ್ಲು, ಎಂದು ಹೆಸರು. ದೊಡ್ಡದೊಂದನ್ನು ಸೀಳಿದರೆ ಈರುಳ್ಳಿಯಂತೆ ಪದರಗಳು ತೋರುತ್ತವೆ. ನೀರು ಮೆಲ್ಲನೆ ಹೆಪ್ಪುಗಟ್ಟಿದಲ್ಲಿ ಗಾಳಿ ಹೊರಹೋಗಿ ಪದರವು ತಿಳಿಯಾಗಿರುತ್ತದೆ. ಥಟ್ಟನೆ ಹೆಪ್ಪುಗಟ್ಟಿದಲ್ಲಿ ಗಾಳಿಯ ಗುಳ್ಳೆಗಳು ಸಿಕ್ಕಿಕೊಂಡು ಹಾಲುಬಣ್ಣ ಬರುತ್ತದೆ. ಮೋಡದೊಳಗೆ ನಡೆದುದರ ವೃತ್ತಾಂತ ಕಲ್ಲಿನ ಒಡಲಲ್ಲಿಯೇ ಇದೆ. ಆದರೆ ಓದಿ ಮುಗಿಸುವ ಮೊದಲೇ ಅದು ನೀರಾಗಿಬಿಡುತ್ತದೆ.

ಕರಗದಂತೆ ಕಾಪಾಡಿ ಓದುವ ಏರ್ಪಾಡು ನಮ್ಮ ಜಿಲ್ಲೆಯ ನೆರೆಯಲ್ಲಿಯೇ ಉಂಟು. ಭಾರತದ ಮೊದಲ ಅಂಟಾರ್ಕ್ಟಿಕ ಯಾತ್ರೆ 1981ರ ಡಿಸೆಂಬರಿನಲ್ಲಿ ಗೋವೆಯಿಂದ ಹೊರಟಿತು. ಇಂದು ಅಲ್ಲಿಯ ವಾಸ್ಕೋದಲ್ಲಿರುವ ರಾಷ್ಟ್ರೀಯ ಧ್ರುವ ಮತ್ತು ಸಾಗರ ಸಂಶೋಧನ ಕೇಂದ್ರದಲ್ಲಿ, ಅಂಟಾರ್ಕ್ಟಿಕದಲ್ಲಿ ಕೊರೆದು ತಂದ ಮಂಜಿನ ಕಂಬಗಳನ್ನು ಸೊನ್ನೆಗಿಂತ 20 ಡಿಗ್ರಿ ಕೆಳಗಿನ ಶೀತದಲ್ಲಿ ಇಟ್ಟಿದ್ದಾರೆ. ಯುರೋಪಿನವರು ಅದೇ ಖಂಡದ 'ಡೋಮ್ ಸಿ' ಎಂಬಲ್ಲಿ ಕೊರೆದ ಮಂಜು ಸುಮಾರು 8 ಲಕ್ಷ ವರ್ಷ ಹಳೆಯದು. ಅಷ್ಟು ಕಾಲದಲ್ಲಿ ಎಂದೂ ಇರದಷ್ಟು ಇಂಗಾಲದ ಡೈಆಕ್ಸೈಡು ಇಂದಿನ ಗಾಳಿಯಲ್ಲಿದೆ ಎಂದು ಗೊತ್ತಾದದ್ದು ಅದರೊಳಗೆ ಸಿಕ್ಕಿದ್ದ ಹಳೆಯ ಗಾಳಿಯಿಂದಲೇ.

ಮಂಜಿನ ಹರಳುಗಳನ್ನು ನೋಡುವ ಬಗೆ ಹೀಗೆ. ಅರ್ಧ ಮಿಲಿಮೀಟರಿನಷ್ಟು ತೆಳ್ಳಗೆ ಹೆರೆದ ಬಿಲ್ಲೆಯನ್ನು, ಒಂದಕ್ಕೊಂದು ಅಡ್ಡವಾಗಿ ತಿರುಗಿಸಿದ ಎರಡು ಪೋಲರಾಯ್ಡ್ ಹಾಳೆಗಳ ನಡುವೆ ಬೆಳಕಿಗೆ ಹಿಡಿಯುತ್ತಾರೆ. ಆಗ ಒಂದೊಂದು ಹರಳೂ ತಾನಿರುವ ದಿಕ್ಕಿಗೆ ತಕ್ಕಂತೆ ಒಂದೊಂದು ಬಣ್ಣ ತಾಳುತ್ತದೆ. ಅದರ ಛಾಯಾಚಿತ್ರ ತೆಗೆದಿಟ್ಟರೆ, ಮಂಜು ಕರಗಿದರೂ ಸಾಕ್ಷ್ಯ ಉಳಿಯುತ್ತದೆ. ಬಣ್ಣ ಬದಲಾಗುವಲ್ಲಿ ಗಡಿ ಎಳೆದು, ಸಾವಿರಾರು ಹರಳುಗಳ ಗಾತ್ರವನ್ನು ಗಣಕಯಂತ್ರ ಅಳೆಯುತ್ತದೆ. ಹರಳುಗಳು ಕಾಲ ಕಳೆದಂತೆ ಬೆಳೆಯುತ್ತವೆ, ಮೇಲಿನ ಭಾರಕ್ಕೆ ದಿಕ್ಕು ಬದಲಿಸುತ್ತವೆ. ಹಿಮರಾಶಿ ಹೇಗೆ ಜಾರಿ ಕಡಲಿಗೆ ಇಳಿಯುತ್ತದೆಂಬುದನ್ನು ಇದರಿಂದ ಊಹಿಸಬಹುದು; ಕಡಲಿನ ಮಟ್ಟದ ಲೆಕ್ಕಕ್ಕೆ ಈ ತಿಳಿವಳಿಕೆ ಬೇಕು.

ಗುಳ್ಳೆಗಳನ್ನು ಎಣಿಸಲು ಪೋಲರಾಯ್ಡ್ ಬೇಡ. ಬೆಳಕಿಗೆ ಹಿಡಿದ ಬಿಲ್ಲೆಯಲ್ಲಿ ಅವು ಕಪ್ಪಾಗಿ ತೋರುತ್ತವೆ. ಯಂತ್ರ ಚಿತ್ರವನ್ನು ಚುಕ್ಕೆಗಳಾಗಿ ಒಡೆದು, ಪ್ರತಿ ಚುಕ್ಕೆಯ ಬೆಳಕಿಗೆ 0ಯಿಂದ 255ರವರೆಗೆ ಒಂದು ಅಂಕ ಕೊಡುತ್ತದೆ. 'ಇಷ್ಟಕ್ಕಿಂತ ಕಡಿಮೆಯಾದರೆ ಗುಳ್ಳೆ' ಎಂದು ನಾವು ಮಿತಿ ಹಾಕಿಕೊಡಬೇಕು. 10 ಲಕ್ಷ ಚುಕ್ಕೆಗಳಲ್ಲಿ 60 ಸಾವಿರ ಆ ಮಿತಿಯೊಳಗೆ ಬಂದರೆ, ಚಿತ್ರದ ನೂರರಲ್ಲಿ 6 ಪಾಲು ಗುಳ್ಳೆಯೆಂದಾಯಿತು.

ಮಿತಿ ತಪ್ಪಿದರೆ ಮಾತ್ರ ಬಿಲ್ಲೆಯ ಮೇಲಿನ ಗೀರೂ ಗುಳ್ಳೆಯೆಂದು ಲೆಕ್ಕಕ್ಕೆ ಸೇರೀತು. ಅಡಿಕೆ ಆರಿಸುವ ಮನೆಯಲ್ಲಿ ಚಾಲಿ ಯಾವುದು, ಕೋಕಾ ಯಾವುದು ಎಂದು ಹೊಸಬರಿಗೆ ಬಲ್ಲವರು ತೋರಿಸಿಕೊಡಬೇಕಷ್ಟೆ? ಯಂತ್ರವೂ ಅಂಥ ಹೊಸಬನೇ. ಆದ್ದರಿಂದ ಎಚ್ಚರವುಳ್ಳ ಸಂಶೋಧಕರು ಕೆಲವು ಚಿತ್ರಗಳನ್ನು ತಾವೇ ಕಣ್ಣಿಟ್ಟು ಎಣಿಸಿ, ಯಂತ್ರದ ಲೆಕ್ಕದೊಡನೆ ತಾಳೆ ನೋಡಿದ ಮೇಲೆಯೇ ಮಿಕ್ಕ ಕೆಲಸವನ್ನು ಅದಕ್ಕೆ ಒಪ್ಪಿಸುತ್ತಾರೆ.